ಗೋಲ್‌ಮಾಲ್ (1979): ಉತ್ಪಲ್ ದತ್ ಮಾಡಿದ್ದು ಓವರ್ ಆಕ್ಟಿಂಗಾ?

ಸೈಡ್‌ವಿಂಗ್:
ಹೃಷಿಕೇಶ್ ಮುಖರ್ಜಿಯವರ 'ಗೋಲ್‌ಮಾಲ್' ಮಾತು ಬಂದಾಗಲೆಲ್ಲ ಮೊದಲು ಅಮೋಲ್ ಪಾಲೇಕರ್, ಆಮೇಲೆ 'ಆನೇವಾಲಾ ಪಲ್' ಹಾಡು. ಭವಾನಿಶಂಕರ್ ಪಾತ್ರ ಮಾಡಿದ ಉತ್ಪಲ್ ದತ್ ಬಗ್ಗೆ ಕೇಳಿಬರೋದು ಎರಡೇ ಮಾತು. ಒಂದು 'ಸಖತ್ ಕಾಮಿಡಿ', ಇನ್ನೊಂದು 'ಸ್ವಲ್ಪ ಓವರ್ ಆಯ್ತು'. ಎರಡನ್ನೂ ನಾನು ಒಪ್ಪಲ್ಲ. ಚಿತ್ರ ನೋಡದವರಿಗೆ ಕಥೆ ಇಷ್ಟು: ಮೀಸೆ ನೋಡಿ ನಡತೆ ಅಳೆಯೋ ಯಜಮಾನ ಭವಾನಿಶಂಕರ್ ಹತ್ತಿರ ಕೆಲಸ ಉಳಿಸಿಕೊಳ್ಳೋಕೆ ರಾಮಪ್ರಸಾದ್ (ಪಾಲೇಕರ್) ತನಗೆ ಮೀಸೆ ಇಲ್ಲದ ಅವಳಿ ತಮ್ಮ ಲಕ್ಷ್ಮಣಪ್ರಸಾದ್ ಇದ್ದಾನೆ ಅಂತ ಸುಳ್ಳು ಕಟ್ತಾನೆ.

ಆ ಚಿತ್ರದಲ್ಲಿ ಕಾಮಿಡಿ ಮಾಡದೇ ಇರೋ ಮನುಷ್ಯ ಯಾರಾದರೂ ಇದ್ದರೆ ಅದು ಭವಾನಿಶಂಕರ್. ರಾಮಪ್ರಸಾದ್‌ಗೆ ತಾನು ಸುಳ್ಳು ಹೇಳ್ತಿದ್ದೀನಿ ಅಂತ ಗೊತ್ತು. ಡಾಕ್ಟರ್ ಕೇದಾರ್‌ಗೆ ಗೊತ್ತು, ತಾಯಿಯ ವೇಷ ಹಾಕಿದ ದೀನಾ ಪಾಠಕ್‌ಗೆ ಗೊತ್ತು, ಮೀಸೆ ಹೊಂದಿಸಿಕೊಡೋ ದೇವೆನ್ ವರ್ಮಾಗೂ ಗೊತ್ತು. ಇವರೆಲ್ಲ ಆಟ ಆಡ್ತಿದ್ದಾರೆ. ಭವಾನಿಶಂಕರ್‌ಗೆ ಮಾತ್ರ ಇದು ಆಟ ಅಲ್ಲ. ಕಂಪನಿಗೆ ನಂಬಿಕಸ್ಥ ಹುಡುಗ ಬೇಕು, ಮಗಳಿಗೆ ಸಂಭಾವಿತ ಗಂಡ ಬೇಕು. ಉತ್ಪಲ್ ದತ್ ಆ ಪಾತ್ರವನ್ನ ಒಂದು ಗಂಭೀರ ನಾಟಕದ ಯಜಮಾನನ ಪಾತ್ರದ ಹಾಗೇ ಮಾಡಿದ್ದಾರೆ. ನಗು ಹುಟ್ಟೋದು ಅಲ್ಲಿಂದ.

ರಂಗಭೂಮಿಯವರು, ಎಡಿಟಿಂಗ್ ಗೊತ್ತಿರೋರು ಇಲ್ಲಿ ತುಂಬಾ ಜನ ಇದ್ದೀರಿ. ಇದು ಹೇಗೆ ಕೆಲಸ ಮಾಡುತ್ತೆ ಅಂತ ಬಿಡಿಸಿ ಹೇಳ್ತೀರಾ? ಹವ್ಯಾಸಿ ತಂಡದಲ್ಲಿ ಇಂಥ ಸಿಡುಕು ಯಜಮಾನನ ಪಾತ್ರ ಮಾಡೋರಿಗೂ ಉಪಯೋಗ ಆಗಲಿ.

ಗಾಂಧಿಬಜಾರ್_ಗ್ಯಾಲರಿ:
ಒಪ್ಪಿದೆ. ಆದರೆ ಓವರ್ ಅಂತ ಜನ ಯಾಕೆ ಅಂತಾರೆ ಅಂದರೆ ಆ 'ಈಈಶ್!' ಕಾರಣಕ್ಕೆ. ಮಿಮಿಕ್ರಿ ಮಾಡೋರು ಅದೊಂದನ್ನೇ ಹಿಡ್ಕೊಂಡು ಸವೆಸಿಬಿಟ್ಟರು. ಮೂಲ ಚಿತ್ರ ನೋಡದವರು ಎರಡು ಗಂಟೆಯೂ ಅವರು ಹಾಗೇ ಕಿರುಚ್ತಾರೆ ಅಂದ್ಕೊಂಡಿದ್ದಾರೆ.

ಹಾರ್ಮೋನಿಯಂ_ಮೇಷ್ಟ್ರು:
ಸವೆಸಿದ್ದು ಹೌದು, ಅದಕ್ಕಿಂತ ಹೆಚ್ಚಾಗಿ ತಪ್ಪಾಗಿ ಹಿಡಿದದ್ದು. ಆ ಶಬ್ದವನ್ನ ಮಿಮಿಕ್ರಿಯವರು ಗಂಟಲಿಂದ ತಳ್ತಾರೆ, ಅದಕ್ಕೇ ಕೀರಲಾಗಿ ಬರುತ್ತೆ. ದತ್ ಅವರದ್ದು ಮಾತಲ್ಲ, ಉಸಿರು. ಆಘಾತ ಆದ ಕ್ಷಣ ಹಲ್ಲು ಸೇರಿಸಿ ಹೊರಟ ಉಸಿರಿಗೆ ದನಿ ಅಂಟಿಕೊಂಡು ಬರುತ್ತೆ. ಮೊದಲು ಮುಖ ಬದಲಾಗುತ್ತೆ, ಆಮೇಲೆ ಶಬ್ದ, ಅದಾದ ಮೇಲೆ ಮಾತು. ಈ ಮೂರೂ ಒಟ್ಟಿಗೆ ಬಂದರೆ ಮಿಮಿಕ್ರಿ ಆಗುತ್ತೆ.

ಅಭ್ಯಾಸ ಮಾಡೋರಿಗೆ: ಎದುರಿನವನ ಮಾತು ಮುಗಿದ ಮೇಲೆ ಮನಸ್ಸಲ್ಲೇ ಒಂದು, ಎರಡು ಎಣಿಸಿ. ಒಂದರಲ್ಲಿ ಕಣ್ಣು, ಎರಡರಲ್ಲಿ ಉಸಿರು. ಮಾತು ಅದರ ನಂತರ. ಹೊಸಬರು ಎಣಿಕೆಯನ್ನ ನುಂಗಿ ನೇರ ಮಾತಿಗೆ ಹಾರ್ತಾರೆ, ಆಗ ಪ್ರೇಕ್ಷಕರಿಗೆ ಆಘಾತ ಕಾಣೋದೇ ಇಲ್ಲ, ಬರೀ ಗದ್ದಲ ಕೇಳುತ್ತೆ.

ಹುಬ್ಬಳ್ಳಿ_ಬಾಲ್ಕನಿ:
ಅಲ್ರೀ, ಅವ್ರು ಬಂದಿದ್ದು ಎಲ್ಲಿಂದ ಅನ್ನೋದನ್ನೂ ನೋಡ್ರಿ. ಜೆಫ್ರಿ ಕೆಂಡಲ್ ಅವರ 'ಶೇಕ್ಸ್‌ಪಿಯರಾನಾ' ಕಂಪನ್ಯಾಗ ಊರೂರು ತಿರುಗಿ ಶೇಕ್ಸ್‌ಪಿಯರ್ ಆಡ್ಯಾರ. ಆಮ್ಯಾಗ ಕಲ್ಕತ್ತಾದಾಗ ಲಿಟ್ಲ್ ಥಿಯೇಟರ್ ಗ್ರೂಪ್ ಕಟ್ಟಿ ಮಿನರ್ವಾ ಥಿಯೇಟರ್‌ನ್ಯಾಗ 1959ಕ್ಕ 'ಅಂಗಾರ್' ಮಾಡಿದ್ರು, ಕಲ್ಲಿದ್ದಲ ಗಣಿ ಕಾರ್ಮಿಕರ ನಾಟಕ. 1965ರಾಗ 'ಕಲ್ಲೋಲ್'. ಅದೇ ವರ್ಷ ಜೈಲಿಗೂ ಹೋದ್ರು. ಬಯಲಾಗ ಸಾವಿರಾರು ಮಂದಿ ಮುಂದ ಆಡೋ ಬಂಗಾಳದ 'ಜಾತ್ರಾ' ಅನ್ನೋ ಜನಪದ ನಾಟಕ ಪ್ರಕಾರಕ್ಕೂ ನಾಟಕ ಬರದು ಆಡಿಸ್ಯಾರ. ಅಂಥಾ ದನಿ ಇಟ್ಕೊಂಡು ಒಂದು ಆಫೀಸ್ ಕೋಣಿಯೊಳಗ ಕುಂತು ಮಾತಾಡೂದಂದ್ರ, ಅಲ್ಲಿ ಏರಿಸೂದಕ್ಕಿಂತ ಇಳಿಸೂದ ಹೆಚ್ಚೈತಿ. ಓವರ್ ಅನ್ನೋರು ಅವರ ನಾಟಕದ ದನಿ ಕೇಳಿಲ್ಲ.

ಪಾಪ್‌ಕಾರ್ನ್_ಪದ್ಮ:
ನ್ಯಾಷನಲ್ ಅವಾರ್ಡ್ ಬಂದಿದ್ದೂ ಈ ಪಾತ್ರಕ್ಕೇ ಅಲ್ವಾ?

ಎಡಿಟಿಂಗ್_ಟೇಬಲ್:
ಅಲ್ಲ ಪದ್ಮ ಅವರೇ. ರಾಷ್ಟ್ರಪ್ರಶಸ್ತಿ ಬಂದದ್ದು ಮೃಣಾಲ್ ಸೇನ್ ಅವರ 'ಭುವನ್ ಶೋಮ್' (1969) ಚಿತ್ರಕ್ಕೆ, ಅಲ್ಲಿ ಅವರೇ ನಾಯಕ. 'ಗೋಲ್‌ಮಾಲ್'ಗೆ ಬಂದದ್ದು ಫಿಲ್ಮ್‌ಫೇರ್‌ನ ಹಾಸ್ಯಪಾತ್ರದ ಪ್ರಶಸ್ತಿ. ಅದೇ ಪ್ರಶಸ್ತಿ ಆಮೇಲೆ 'ನರಮ್ ಗರಮ್' ಮತ್ತು 'ರಂಗ್ ಬಿರಂಗಿ'ಗೂ ಬಂತು. ಮೂರೂ ಹೃಷಿದಾ (ಹೃಷಿಕೇಶ್ ಮುಖರ್ಜಿ) ಚಿತ್ರಗಳೇ. 'ಗೋಲ್‌ಮಾಲ್'ಗೆ ಪಾಲೇಕರ್‌ಗೆ ಶ್ರೇಷ್ಠ ನಟ, ಗುಲ್ಜಾರ್‌ಗೆ ಗೀತರಚನೆ ಪ್ರಶಸ್ತಿಗಳೂ ಬಂದವು.

'ಭುವನ್ ಶೋಮ್' ನೋಡಿದರೆ ಭವಾನಿಶಂಕರ್‌ನ ಬೇರು ಅಲ್ಲೇ ಕಾಣುತ್ತೆ. ಅದರಲ್ಲೂ ಶಿಸ್ತಿನ ಹುಚ್ಚು ಹಿಡಿದ ರೈಲ್ವೆ ಅಧಿಕಾರಿ. ಅಲ್ಲಿ ಆ ಶಿಸ್ತು ಒಂಟಿತನವಾಗಿ ಕಾಣುತ್ತೆ, ಇಲ್ಲಿ ಅದೇ ನಗು ತರಿಸುತ್ತೆ.

ಈಗ ಎಡಿಟಿಂಗ್ ವಿಷಯ. ಹೃಷಿದಾ ಮೂಲತಃ ಸಂಕಲನಕಾರ. ಬಿಮಲ್ ರಾಯ್ ಅವರ 'ದೋ ಬೀಘಾ ಜಮೀನ್', 'ಮಧುಮತಿ' ಎಲ್ಲ ಅವರೇ ಎಡಿಟ್ ಮಾಡಿದ್ದು. ಸುಳ್ಳು ಹೇಳೋ ದೃಶ್ಯಗಳಲ್ಲಿ ಅವರು ಕ್ಯಾಮೆರಾವನ್ನ ಸುಳ್ಳು ಹೇಳುವವನ ಮೇಲೆ ಎಷ್ಟು ಇಡ್ತಾರೋ ಕೇಳುವವನ ಮೇಲೂ ಅಷ್ಟೇ ಇಡ್ತಾರೆ. ನಮಗೆ ಬೇಕಾದ ಮಾಹಿತಿ ಒಂದೇ: ನಂಬಿದನಾ, ಇಲ್ಲವಾ? ಆ ಉತ್ತರ ದತ್ ಮುಖದಲ್ಲಿದೆ. ಅನುಮಾನ, ಲೆಕ್ಕಾಚಾರ, ಸಮಾಧಾನ. ಆ ಸಮಾಧಾನ ಮುಖದ ಮೇಲೆ ಪೂರ್ತಿ ಇಳಿಯೋ ತನಕ ಕಟ್ ಮಾಡಬಾರದು. ಕಿರುಚಿತ್ರ ಮಾಡೋ ಹುಡುಗರು ಇಲ್ಲೇ ಎಡವೋದು. ಜೋಕ್ ಹೇಳಿದವನ ಮುಖದಲ್ಲೇ ಶಾಟ್ ನಿಲ್ಲಿಸ್ತಾರೆ, ಕೇಳಿದವನದ್ದು ಅರ್ಧ ಸೆಕೆಂಡ್ ಹಾಕಿ ಮುಂದೆ ಹೋಗ್ತಾರೆ. ಶೂಟಿಂಗ್‌ನಲ್ಲೇ ಕೇಳುವವನ ಕ್ಲೋಸಪ್‌ನಲ್ಲಿ ಇಡೀ ದೃಶ್ಯವನ್ನ ಒಂದು ಸಲ ಪೂರ್ತಿ ತೆಗೆದಿಟ್ಟುಕೊಳ್ಳಿ. ಮಾತು ಮುಗಿದ ಮೇಲೂ ನಾಲ್ಕೈದು ಸೆಕೆಂಡ್ ಕ್ಯಾಮೆರಾ ಓಡಲಿ. ಎಡಿಟ್ ಮಾಡುವಾಗ ಬೇಕಾಗೋದು ಆ ಕೊನೆಯ ತುಣುಕೇ.

ಕುಡ್ಲ_ಕ್ಯಾಮೆರಾ:
ಡಬಲ್ ಆಕ್ಟಿಂಗ್ ಅಂತ ಎಲ್ಲರೂ ಹೇಳ್ತಾರಲ್ಲ, ಅದು ಡಬಲ್ ರೋಲೇ ಅಲ್ಲ ಮಾರಾಯ್ರೆ. ಒಬ್ಬನೇ ಮನುಷ್ಯ ಇಬ್ಬರ ಹಾಗೆ ನಾಟಕ ಆಡೋದು. ಹಾಗಾಗಿ ಅವಳಿಗಳನ್ನ ಒಂದೇ ಫ್ರೇಮಿನಲ್ಲಿ ಕೂರಿಸುವ ಮಾಸ್ಕಿಂಗ್, ಸ್ಪ್ಲಿಟ್ ಯಾವುದೂ ಕಥೆಗೇ ಬೇಡ. ಇಬ್ಬರು ಇದ್ದಾರೆ ಅಂತ ನಮಗೆ ಅನ್ನಿಸಬೇಕಾದ್ರೆ ಅದನ್ನ ನಂಬಿಸೋನು ಎದುರಿಗೆ ನಿಂತ ಭವಾನಿಶಂಕರ್ ಮಾತ್ರ. ರಾಮಪ್ರಸಾದನ ಎದುರು ದನಿ ಮೆತ್ತಗೆ, ಮುಖದಲ್ಲಿ ವಾತ್ಸಲ್ಯ. ಲಕ್ಷ್ಮಣಪ್ರಸಾದ್ ಬಂದ ಕೂಡಲೇ ಹುಬ್ಬು ಗಂಟು. ನಟ ಎದುರಿಗೆ ಒಬ್ಬನೇ, ಆದ್ರೆ ದತ್ ಇಬ್ಬರ ಹತ್ತಿರ ಮಾತಾಡ್ತಾರೆ. ಪೋಷಕ ಪಾತ್ರ ಅಂದ್ರೆ ಇದು.

ಸೈಡ್‌ವಿಂಗ್:
@ಕುಡ್ಲ_ಕ್ಯಾಮೆರಾ ಇದನ್ನ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ನಾಯಕನ ಅಭಿನಯದ ಅರ್ಧ ಭಾಗ ಎದುರಿನವನ ಮುಖದಲ್ಲಿದೆ.

ಶುದ್ಧ_ಸಿನಿಮಾ:
ಎಲ್ಲರೂ ಹೊಗಳ್ತಾ ಇದ್ದೀರಿ, ನಾನು ಒಪ್ಪಲ್ಲ. ಮೊದಲ ಅರ್ಧ ಒಳ್ಳೇದು. ಸಂದರ್ಶನದ ದೃಶ್ಯ ಪಾಠದ ಹಾಗಿದೆ. ಆದರೆ ಕೊನೆಯ ಓಟ, ಅಟ್ಟಿಸಿಕೊಂಡು ಹೋಗೋದು, ಪೊಲೀಸ್ ಸ್ಟೇಷನ್? ಅಲ್ಲಿ ಪಾತ್ರದ ಘನತೆ ಕರಗಿ ಬರೀ ಕೂಗಾಟ ಉಳಿಯುತ್ತೆ. ದತ್ ಅಲ್ಲಿ ಓವರ್ ಆಗಿದ್ದಾರೆ. ನಿರ್ದೇಶಕರು ತಡೀಬೇಕಿತ್ತು.

ಹಾರ್ಮೋನಿಯಂ_ಮೇಷ್ಟ್ರು:
ಅಲ್ಲಿ ದನಿ ಏರಿದ್ದು ಹೌದು. ಅದನ್ನ ಅಲ್ಲಿಗಾಗಿಯೇ ಉಳಿಸಿಟ್ಟಿದ್ದರು. ಸಂದರ್ಶನದ ದೃಶ್ಯ ಮತ್ತೆ ನೋಡಿ. ಉಳಿದ ಅಭ್ಯರ್ಥಿಗಳನ್ನ ಸಾಗಹಾಕುವಾಗ ಸಿಡುಕು ಇದೆ, ಕೂಗಾಟ ಇಲ್ಲ. ಹತ್ತರ ಅಳತೆಯಲ್ಲಿ ಆರಕ್ಕೆ ಶುರು ಮಾಡಿ, ಮಧ್ಯದಲ್ಲಿ ಏಳು ಎಂಟಕ್ಕೆ ಹೋಗಿ ಮತ್ತೆ ನಾಲ್ಕಕ್ಕೆ ಇಳೀತಾರೆ. ಹತ್ತು ಮುಟ್ಟೋದು ಮೋಸ ಬಯಲಾದ ಮೇಲೆ. ಅಷ್ಟು ದಿನ ನಂಬಿದವನಿಗೆ ಅಷ್ಟು ಕೋಪ ಬರಲೇಬೇಕು, ಇಲ್ಲದಿದ್ದರೆ ಮೊದಲಿನ ನಂಬಿಕೆಯೇ ಸುಳ್ಳಾಗುತ್ತೆ.

ಹವ್ಯಾಸಿ ನಾಟಕಗಳಲ್ಲಿ ಯಜಮಾನನ ಪಾತ್ರಧಾರಿ ಮೊದಲ ಪ್ರವೇಶದಲ್ಲೇ ಹತ್ತಕ್ಕೆ ಹೋಗಿಬಿಡ್ತಾನೆ. ಎರಡನೇ ಅಂಕದ ಹೊತ್ತಿಗೆ ಗಂಟಲು ಕಟ್ಟಿರುತ್ತೆ, ಪ್ರೇಕ್ಷಕರ ಕಿವಿಯೂ ಒಗ್ಗಿಹೋಗಿರುತ್ತೆ. ಸ್ಕ್ರಿಪ್ಟ್‌ನ ಅಂಚಲ್ಲಿ ಪ್ರತಿ ದೃಶ್ಯಕ್ಕೂ ಪೆನ್ಸಿಲ್‌ನಲ್ಲಿ ಒಂದು ಅಂಕಿ ಬರೆದುಕೊಳ್ಳಿ. ಹತ್ತು ಅನ್ನೋ ಅಂಕಿ ಇಡೀ ನಾಟಕದಲ್ಲಿ ಒಂದೇ ಕಡೆ ಇರಬೇಕು.

ಎಡಿಟಿಂಗ್_ಟೇಬಲ್:
@ಶುದ್ಧ_ಸಿನಿಮಾ ಪೊಲೀಸ್ ಸ್ಟೇಷನ್ ದೃಶ್ಯ ಕಥೆಗೆ ಬೇಕೇ ಬೇಕು. ಮೀಸೆ ನೋಡಿ ಮನುಷ್ಯನ ನಡತೆ ಅಳೆದವರನ್ನ ಅಲ್ಲಿ ಪೊಲೀಸರು ಚಹರೆ ನೋಡಿ ಕಳ್ಳಸಾಗಣೆದಾರ ಅಂದ್ಕೊಂಡು ಕೂಡಿಹಾಕ್ತಾರೆ. ಇನ್‌ಸ್ಪೆಕ್ಟರ್ ಆಗಿ ಓಂ ಪ್ರಕಾಶ್ ಇದ್ದಾರೆ. ಅವರು ತಣ್ಣಗೆ ಇದ್ದಷ್ಟೂ ಇವರು ಕುದೀಬೇಕು. ಇಬ್ಬರೂ ತಣ್ಣಗಿದ್ದರೆ ದೃಶ್ಯವೇ ಇಲ್ಲ. ಅವರು ಹೊರಬರೋ ಹೊತ್ತಿಗೆ ಮಗಳ ಮದುವೆ ಮುಗಿದಿರುತ್ತೆ. ಕೊನೆಯ ಫ್ಯಾಮಿಲಿ ಫೋಟೋದಲ್ಲಿ ಭವಾನಿಶಂಕರ್‌ಗೆ ಮೀಸೆ ಇಲ್ಲ. ಕೂಗಾಟ ಅಷ್ಟು ಎತ್ತರಕ್ಕೆ ಹೋಗಿದ್ದಕ್ಕೇ ಆ ಮಾತಿಲ್ಲದ ಫೋಟೋಗೆ ಅಷ್ಟು ಬಲ.

ಶುದ್ಧ_ಸಿನಿಮಾ:
ಫೋಟೋ ಒಪ್ಪಿದೆ. ಓಟ ಮಾತ್ರ ಉದ್ದವಾಯಿತು ಅನ್ನೋದು ನನ್ನ ಅಭಿಪ್ರಾಯ, ಅದರಲ್ಲಿ ಬದಲಾವಣೆ ಇಲ್ಲ.

ಮಲೆನಾಡ_ಮ್ಯಾಟಿನಿ:
ಸಂದರ್ಶನದ ದೃಶ್ಯದ ಬಗ್ಗೆ ಯಾರಾದರೂ ಬರೀರಿ. ನನಗೆ ಇಡೀ ಚಿತ್ರದ ಬೀಗದಕೈ ಅದೇ ಅನ್ನಿಸುತ್ತೆ.

ಕುಡ್ಲ_ಕ್ಯಾಮೆರಾ:
ಅದರ ಕಟ್ಟಡ ನೋಡಿ. ಮೊದಲೇ ಡಾಕ್ಟರ್ ಕೇದಾರ್ ಬಾಯಲ್ಲಿ (ಡೇವಿಡ್ ಅವರು) ಭವಾನಿಶಂಕರ್‌ನ ನಿಯಮಗಳನ್ನೆಲ್ಲ ನಮಗೆ ಹೇಳಿಸಿ ಆಗಿದೆ. ಮೀಸೆ ಇರಬೇಕು, ಆಟ-ಗೀಟದ ಹುಚ್ಚು ಇರಬಾರದು, ಉಡುಪು ಸಾದಾ ಇರಬೇಕು. ಹಾಗಾಗಿ ಸಂದರ್ಶನದ ಕೋಣೆಗೆ ಹೋಗುವಾಗ ಪ್ರಶ್ನೆಪತ್ರಿಕೆ ನಮ್ಮ ಕೈಯಲ್ಲೇ ಉಂಟು. ಅಷ್ಟಾದ ಮೇಲೆ ಒಬ್ಬೊಬ್ಬ ಅಭ್ಯರ್ಥಿ ಬೀಳೋದನ್ನ ತೋರಿಸ್ತಾರೆ. ರಾಮಪ್ರಸಾದ್ ಗಿಡ್ಡ ಕುರ್ತಾ ಹಾಕಿಕೊಂಡು ಬಂದು, ಬಟ್ಟೆ ಉಳಿಸುವುದಕ್ಕೆ ಅಂತ ವಿವರಣೆ ಕೊಡ್ತಾನೆ. ಬ್ಲ್ಯಾಕ್ ಪರ್ಲ್ ಬಗ್ಗೆ ಕೇಳಿದ್ರೆ ಫುಟ್‌ಬಾಲಿನ ಪೆಲೆ ಹೆಸರೇ ಎತ್ತದೆ ಸಮುದ್ರದ ಕರಿಮುತ್ತಿನ ಬಗ್ಗೆ ಭಾಷಣ ಬಿಗೀತಾನೆ.

ಇಲ್ಲಿ ದತ್ ಏನು ಮಾಡ್ತಾರೆ ಗಮನಿಸಿ. ಬಲೆ ಹಾಕಿದವರು ಅವರು. ಹುಡುಗ ಬಲೆಗೆ ಬೀಳಲಿಲ್ಲ ಅಂತ ಗೊತ್ತಾದಾಗ ಅವರ ಮುಖದಲ್ಲಿ ಸೋಲು ಇಲ್ಲ, ಆನಂದ! ಅಂತೂ ಒಬ್ಬ ಸಿಕ್ಕಿದ ಅಂತ. ಆ ಆನಂದದಿಂದಾಗಿಯೇ ಆ ಮನುಷ್ಯನ ಮೇಲೆ ನಮಗೆ ಪ್ರೀತಿ ಹುಟ್ಟೋದು. ಬರೀ ಸಿಡುಕನಾಗಿದ್ದರೆ ಅವನಿಗೆ ಮೋಸ ಆದದ್ದು ನಮಗೆ ಸೇಡಿನ ಹಾಗೆ ಕಾಣ್ತಿತ್ತು. ಇಲ್ಲಿ 'ಪಾಪ' ಅನ್ನಿಸುತ್ತೆ.

ಗಾಂಧಿಬಜಾರ್_ಗ್ಯಾಲರಿ:
ಆಟದ ಹುಚ್ಚು ಬೇಡ ಅನ್ನೋರು ಹಾಕಿ ಮ್ಯಾಚಿಗೆ ಬಂದು ಕೂತಿರ್ತಾರೆ, ಅದನ್ನ ಮರೀಬೇಡಿ 😄 ಅಮ್ಮನಿಗೆ ಹುಷಾರಿಲ್ಲ ಅಂತ ರಜೆ ಹಾಕಿದವನು ಅಲ್ಲೇ ಕಣ್ಣಿಗೆ ಬೀಳ್ತಾನೆ. ಅವಳಿ ತಮ್ಮ ಹುಟ್ಟೋದೇ ಆ ಮ್ಯಾಚಿನಿಂದ. ನೀವು ಹೇಗೆ ಅಲ್ಲಿಗೆ ಬಂದಿರಿ ಸಾರ್ ಅಂತ ಚಿತ್ರದಲ್ಲಿ ಯಾರೂ ಕೇಳೋ ಧೈರ್ಯ ಮಾಡಲ್ಲ, ಅವರ ಮುಖದಲ್ಲೂ ಸಂಕೋಚದ ಗೆರೆ ಇಲ್ಲ. ತನ್ನ ನಿಯಮ ತನಗೆ ಅನ್ವಯಿಸಲ್ಲ ಅಂತ ಪೂರ್ತಿ ನಂಬಿದ ಯಜಮಾನ.

ಟೊರೊಂಟೊ_ತುಂಗಾ:
ಎಲ್ಲರೂ ಉತ್ಪಲ್ ದತ್ ಅಂತಿದ್ದೀರಿ. ನನ್ನ ಕೇಳಿದರೆ ಅವರು ಪೋಷಕ ಪಾತ್ರವೇ ಅಲ್ಲ, ಎರಡನೇ ನಾಯಕ. ಚಿತ್ರದ ತುಂಬಾ ಇದ್ದಾರೆ. ನಿಜವಾದ ಪೋಷಕ ಪಾತ್ರ ದೀನಾ ಪಾಠಕ್ ಅವರದ್ದು. ಶ್ರೀಮಂತ ವಲಯದ ಕಮಲಾ ಶ್ರೀವಾಸ್ತವ್ ಯಾರದೋ ಮಗನಿಗಾಗಿ ಮಡಿವಂತ ತಾಯಿಯ ವೇಷ ಹಾಕಬೇಕು. ಭವಾನಿಶಂಕರ್ ಹೇಳದೆ ಕೇಳದೆ ಮನೆಗೆ ಬಂದಾಗ ಅವರು ಹಿಂದಿನ ಕಿಟಕಿ ಹತ್ತಿ ಒಳಗೆ ಬರ್ತಾರಲ್ಲ, ಆಗ ಅವರ ವಯಸ್ಸು 57ರ ಸುಮಾರು. ಸೀರೆ ಉಟ್ಟು ಕಿಟಕಿ ಹತ್ತೋದು ಒಂದು ಕಷ್ಟ. ಹತ್ತಿ ಇಳಿದ ಕೂಡಲೇ ಏದುಸಿರು ನುಂಗಿ ಶಾಂತ ಮುಖ ತಂದುಕೊಳ್ಳೋದು ಅದಕ್ಕಿಂತ ದೊಡ್ಡ ಕಷ್ಟ.

ಪಾರ್ಟಿಯಲ್ಲಿ ಸಿಕ್ಕಿಬಿದ್ದಾಗ ಅವರೂ ತನಗೊಬ್ಬ ಅವಳಿ ಅಕ್ಕತಂಗಿ ಇದ್ದಾಳೆ ಅಂತ ಕಥೆ ಕಟ್ತಾರೆ. ಒಂದೇ ಚಿತ್ರದಲ್ಲಿ ಅದೇ ಸುಳ್ಳು ಎರಡು ಸಲ! ಬರವಣಿಗೆಯಲ್ಲಿ ಇದು ಅಪಾಯದ ಆಟ. ದಡ ಸೇರಿದ್ದು ಅವರ ರಾಜಗಾಂಭೀರ್ಯದಿಂದ.

ಹುಬ್ಬಳ್ಳಿ_ಬಾಲ್ಕನಿ:
ತುಂಗಾ ಅಕ್ಕಾರ ಮಾತು ಖರೇ ಐತಿ. ದೀನಾ ಪಾಠಕ್ ಗುಜರಾತಿ ರಂಗಭೂಮಿಯವ್ರು, ಭವಾಯಿ ಅನ್ನೋ ಅಲ್ಲಿನ ಜನಪದ ನಾಟಕ ಪ್ರಕಾರ ಅರಗಿಸಿಕೊಂಡವ್ರು. 'ಮೇನಾ ಗುರ್ಜರಿ' ನಾಟಕ ಅವರ ಹೆಸರಿನ ಜೋಡಿನ ಬರ್ತದ. ಭವಾಯಿಯೊಳಗ ಒಬ್ಬ ನಟ ನಿಂತ ನಿಲುವಿನ್ಯಾಗ ಪಾತ್ರ ಬದಲಿಸಬೇಕು, ನಮ್ಮ ಸಣ್ಣಾಟದಾಗ ಇದ್ದಂಗ. ಆ ತಾಲೀಮು ಇದ್ದವ್ರಿಗೆ ಕಮಲಾ-ವಿಮಲಾ ಆಟ ಎಷ್ಟರದು.

ಮರುವರ್ಷ 1980ಕ್ಕ ಇದ ಹೃಷಿದಾ 'ಖೂಬ್‌ಸೂರತ್'ನ್ಯಾಗ ಅವರಿಗೆ ಪೂರಾ ಉಲ್ಟಾ ಪಾತ್ರ ಕೊಟ್ರು. ಮನಿ ತುಂಬ ಶಿಸ್ತು ಹೇರೋ ಹಿರಿಯಾಕಿ. ಅಂದ್ರ 'ಗೋಲ್‌ಮಾಲ್'ನಾಗ ಉತ್ಪಲ್ ದತ್ ನಿಂತಿದ್ದ ಜಾಗಕ್ಕ ಈಗ ಅವ್ರು. ಎರಡೂ ಬೆನ್ನಿಗೆ ಬೆನ್ನು ಹಚ್ಚಿ ನೋಡ್ರಿ, ಒಳ್ಳೆ ಪಾಠ ಆಕ್ಕೈತಿ.

ಶುದ್ಧ_ಸಿನಿಮಾ:
ಪೋಷಕ ಪಾತ್ರಕ್ಕೆ ಅಳತೆ ಪರದೆ ಮೇಲಿನ ನಿಮಿಷ ಅಲ್ಲ. ಕಥೆ ಯಾರ ಆಸೆಯ ಮೇಲೆ ನಡೆಯುತ್ತೆ ಅನ್ನೋದು. ಕೆಲಸ ಬೇಕು, ಸಿಕ್ಕಿಬೀಳಬಾರದು, ಇವು ರಾಮಪ್ರಸಾದನವು. ಭವಾನಿಶಂಕರ್ ಆ ಆಸೆಗೆ ಅಡ್ಡ ನಿಂತ ಗೋಡೆ. ಎಷ್ಟು ಹೊತ್ತು ಇದ್ದರೂ ಅದು ಪೋಷಕ ಪಾತ್ರವೇ. ಈ ಒಂದು ವಿಷಯದಲ್ಲಿ ಮೂಲ ಪೋಸ್ಟ್ ಕಡೆಗೆ ನಾನು.

ಪಾಪ್‌ಕಾರ್ನ್_ಪದ್ಮ:
ಕನ್ನಡದಲ್ಲಿ ಇದೇ ಕಥೆ ಶಿವಣ್ಣ ಮಾಡಿದ್ರಲ್ಲ?

ಗಾಂಧಿಬಜಾರ್_ಗ್ಯಾಲರಿ:
ಹೌದು, 'ಆಸೆಗೊಬ್ಬ ಮೀಸೆಗೊಬ್ಬ', 1990. ಅದಕ್ಕೂ ಮೊದಲು ತಮಿಳಲ್ಲಿ 1981ಕ್ಕೆ ಕೆ. ಬಾಲಚಂದರ್ 'ತಿಲ್ಲು ಮುಲ್ಲು' ಮಾಡಿದರು. ರಜನಿ ಮೀಸೆ ತೆಗೆದು ನಟಿಸಿದ ಅಪರೂಪದ ಚಿತ್ರ. ಯಜಮಾನನ ಪಾತ್ರ ತೆಂಗಾಯ್ ಶ್ರೀನಿವಾಸನ್, ತಾಯಿ ವೇಷದ ಪಾತ್ರ ನಮ್ಮವರಿಗೂ ಚಿರಪರಿಚಿತರಾದ ಸೌಕಾರ್ ಜಾನಕಿ. ಮಲಯಾಳದಲ್ಲಿ 1995ಕ್ಕೆ 'ಸಿಂಹವಾಲನ್ ಮೇನೋನ್'.

ಎಡಿಟಿಂಗ್_ಟೇಬಲ್:
ತೆಂಗಾಯ್ ಶ್ರೀನಿವಾಸನ್ ಮತ್ತು ದತ್ ಇಬ್ಬರ ಹೋಲಿಕೆ ಮಾಡಲೇಬೇಕು. ಶ್ರೀನಿವಾಸನ್ ಹಾಸ್ಯನಟರಾಗಿಯೇ ಹೆಸರಾದವರು. ಪ್ರೇಕ್ಷಕ ಅವರನ್ನ ಕಂಡ ತಕ್ಷಣ ನಗೋಕೆ ಸಿದ್ಧನಾಗಿರ್ತಾನೆ, ಹಾಗಾಗಿ ಅವರ ಲಯ ಬೇಗ, ಮಾತಿಗೆ ಮಾತು ಹೆಣೆದುಕೊಂಡಿರುತ್ತೆ. ದತ್‌ಗೆ ಹಿಂದಿಯಲ್ಲಿ ಆ ಮುದ್ರೆ ಇನ್ನೂ ಅಷ್ಟಾಗಿ ಬಿದ್ದಿರಲಿಲ್ಲ. ಬಂಗಾಳಿಯಲ್ಲಂತೂ ಅದೇ 1979ರಲ್ಲಿ ಸತ್ಯಜಿತ್ ರಾಯ್ ಅವರ 'ಜೈ ಬಾಬಾ ಫೇಲುನಾಥ್'ನಲ್ಲಿ ಮಗನ್‌ಲಾಲ್ ಮೇಘರಾಜ್ ಅನ್ನೋ ಖಳನಾಯಕ! ಕಾಶಿಯ ಮನೆಯಲ್ಲಿ ಶರಬತ್ತು ಕೊಟ್ಟು, ಜಟಾಯು ಅನ್ನೋ ಪಾಪದ ಲೇಖಕನನ್ನ ಹಲಗೆಗೆ ಒರಗಿಸಿ ಚಾಕು ಎಸೆಸೋ ದೃಶ್ಯ. ಅಲ್ಲೂ ಅವರದ್ದು ಅದೇ ಮೈ, ಅದೇ ಕಂಠ. ವ್ಯತ್ಯಾಸ ವೇಗದಲ್ಲಿದೆ. ಮಗನ್‌ಲಾಲ್ ಅವಸರ ಪಡಲ್ಲ, ಎದುರಿನವನ ಉತ್ತರ ಅವನಿಗೆ ಮೊದಲೇ ಗೊತ್ತು. ಭವಾನಿಶಂಕರ್‌ಗೆ ಉತ್ತರ ಗೊತ್ತಿಲ್ಲ, ಅದಕ್ಕೇ ಮುಂದಕ್ಕೆ ಬಾಗ್ತಾನೆ, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕ್ತಾನೆ.

ಮಲೆನಾಡ_ಮ್ಯಾಟಿನಿ:
ಮುಂದಿನ ವರ್ಷವೇ 'ಹೀರಕ್ ರಾಜಾರ್ ದೇಶೇ'ಯ ರಾಜ ಬೇರೆ. ಒಂದೇ ಗಂಟಲು, ಮೂರು ಥರದ ಯಜಮಾನರು.

ಸೈಡ್‌ವಿಂಗ್:
ನಮ್ಮಲ್ಲಿ ಈ ಜಾತಿಯ ನಟನೆಗೆ ಯಾರನ್ನ ಹೇಳ್ತೀರಿ? ನನ್ನ ಪಟ್ಟಿಯಲ್ಲಿ ಮೊದಲು ಟಿ. ಎನ್. ಬಾಲಕೃಷ್ಣ.

ಹಾರ್ಮೋನಿಯಂ_ಮೇಷ್ಟ್ರು:
ಬಾಲಣ್ಣನ ಮಾತೇ ಬೇರೆ. ಕಿವಿ ಮಂದವಾಗಿದ್ದರೂ ಎದುರಿನವರ ತುಟಿ ನೋಡಿಕೊಂಡೇ ಮಾತಿಗೆ ಮಾತು ಜೋಡಿಸ್ತಿದ್ದರು. ಅದಕ್ಕೇ ಅವರ ಕಣ್ಣು ಯಾವಾಗಲೂ ಎದುರಿನ ನಟನ ಮೇಲೆ. ಪ್ರೇಕ್ಷಕನಿಗೆ ಅದು ಅಪಾರ ಗಮನವಾಗಿ ಕಾಣುತ್ತೆ. 'ಬಂಗಾರದ ಮನುಷ್ಯ'ದ ರಾಚೂಟಪ್ಪನನ್ನ ನೋಡಿ, ರಾಜೀವಪ್ಪ ಮಾತಾಡುವಾಗ ಅವರು ಕೇಳೋ ರೀತಿ ನೋಡಿ. ಕೇಳೋದೇ ಅಭಿನಯ ಅಂತ ಹೊಸಬರಿಗೆ ತೋರಿಸೋಕೆ ಅದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ಗಾಂಧಿಬಜಾರ್_ಗ್ಯಾಲರಿ:
ನನ್ನ ಓಟು ಮುಖ್ಯಮಂತ್ರಿ ಚಂದ್ರು ಅವರಿಗೆ, 'ಗಣೇಶನ ಮದುವೆ' (1990). ವಠಾರದ ಓನರ್ ರಮಣಮೂರ್ತಿ. ಅದೂ ಭವಾನಿಶಂಕರ್ ವಂಶದ್ದೇ ಪಾತ್ರ: ಮಗಳ ಅಪ್ಪ, ತನ್ನ ರಾಜ್ಯದಲ್ಲಿ ತಾನೇ ಸರ್ವಾಧಿಕಾರಿ. ಅನಂತ್‌ನಾಗ್ ಎಷ್ಟು ಹಗುರವಾಗಿ ಆಡ್ತಾರೋ ಇವರು ಅಷ್ಟು ಗಟ್ಟಿಯಾಗಿ ನಿಲ್ತಾರೆ. 'ಮುಖ್ಯಮಂತ್ರಿ' ನಾಟಕದಲ್ಲಿ ಪಳಗಿದ ದನಿ ಅದು, ಮಾತಿನ ಕೊನೆಯ ಅಕ್ಷರ ಎಂದೂ ಕಳೆದುಹೋಗಲ್ಲ.

ಪಾಪ್‌ಕಾರ್ನ್_ಪದ್ಮ:
ವೈಶಾಲಿ ಕಾಸರವಳ್ಳಿ ಅವರನ್ನ ಬಿಟ್ಟರೆ ಹೇಗೆ! ಅದೇ ಚಿತ್ರದಲ್ಲಿ ಅವರೂ ಇದ್ದಾರೆ.

ಕಾಲೇಜು_ರಂಗ:
ಚರ್ಚೆ ಮಧ್ಯೆ ಒಂದು ಪ್ರಾಯೋಗಿಕ ಪ್ರಶ್ನೆ. ಸ್ಟೇಜ್ ಮೇಲೆ ಮೀಸೆ ಇರೋನು, ಇಲ್ಲದೋನು ಅಂತ ಒಬ್ಬನೇ ನಟ ಓಡಾಡಬೇಕಾದರೆ ಮೀಸೆ ಅಂಟಿಸೋದು ಹೇಗೆ? ಕಾಲೇಜು ತಂಡಗಳಲ್ಲಿ ಮಧ್ಯದಲ್ಲೇ ಒಂದು ತುದಿ ಕಿತ್ತುಕೊಂಡು ನೇತಾಡೋದು ಸಾಮಾನ್ಯ.

ಗ್ರೀನ್‌ರೂಮ್:
ತುದಿ ಏಳೋದಕ್ಕೆ ನಾಲ್ಕು ಕಾರಣ. ತುಟಿ ಮೇಲೆ ಎಣ್ಣೆ ಅಥವಾ ಬೆವರು ಇರೋದು, ಬಣ್ಣ ಹಚ್ಚಿದ ಮೇಲೆ ಅಂಟು ಹಾಕೋದು, ಅಂಟು ಹಸಿಯಾಗಿದ್ದಾಗಲೇ ಒತ್ತೋದು, ಮೀಸೆ ಬಾಯಿಗಿಂತ ಅಗಲ ಇರೋದು.

ಒಂದೇ ಸಲ ಅಂಟಿಸಿ ನಾಟಕ ಮುಗಿಯೋ ತನಕ ಇರಬೇಕಾದರೆ ಸ್ಪಿರಿಟ್ ಗಮ್. ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಒಂದು ತೊಟ್ಟು ಹಚ್ಚಿ ನೋಡಿ. ಕೆಂಪಾದರೆ, ಉರಿದರೆ ಬೇಡ. ನಾಟಕದ ದಿನ ತುಟಿ ಮೇಲ್ಭಾಗ ನುಣ್ಣಗೆ ಶೇವ್ ಮಾಡಿ ಕನಿಷ್ಠ ಒಂದೆರಡು ಗಂಟೆ ಬಿಡಿ, ಆಗಷ್ಟೇ ಶೇವ್ ಮಾಡಿದ ಚರ್ಮಕ್ಕೆ ಹಚ್ಚಿದರೆ ಉರಿಯುತ್ತೆ. ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿ ಎಣ್ಣೆ ತೆಗೀರಿ. ಅಂಟನ್ನ ಬ್ರಷ್‌ನಿಂದ ತೆಳುವಾಗಿ ಒಂದೇ ಪದರ ಹಚ್ಚಿ. ಬೆರಳಿಂದ ತಟ್ಟಿದಾಗ ನೂಲು ಎಳೆದಂತೆ ಜಿಗುಟು ಬರೋ ತನಕ ಕಾಯಿರಿ, ಅರ್ಧದಿಂದ ಒಂದು ನಿಮಿಷ. ಆಮೇಲೆ ಮೀಸೆ ಇಟ್ಟು ಒದ್ದೆ ಬಟ್ಟೆಯಿಂದ ಒತ್ತಿ ಹಿಡೀರಿ. ಒಣಬಟ್ಟೆ ಆದರೆ ಅದರ ಎಳೆಗಳೇ ಅಂಟಿಕೊಳ್ಳುತ್ತವೆ. ಬಣ್ಣ ಎಲ್ಲಾ ಆಮೇಲೆ, ಮೀಸೆಯ ಸುತ್ತ.

ನೆಟ್ ಮೇಲೆ ಹೆಣೆದ ರೆಡಿ ಮೀಸೆ ಆದರೆ ಅಂಚಿನ ನೆಟ್ ಎರಡು ಮೂರು ಮಿಲಿಮೀಟರ್ ಉಳಿಸಿ ಕತ್ತರಿಸಿ. ಪೂರ್ತಿ ಕತ್ತರಿಸಿದರೆ ಕೂದಲು ಉದುರುತ್ತೆ, ಜಾಸ್ತಿ ಬಿಟ್ಟರೆ ಲೈಟಿಗೆ ಹೊಳೆಯುತ್ತೆ. ಕ್ರೇಪ್ ಕೂದಲಲ್ಲಿ ಮಾಡೋದಾದರೆ ಹೆಣಿಗೆ ಬಿಚ್ಚಿ, ಒದ್ದೆ ಮಾಡಿ, ಎಳೆದು ಒಣಗಿಸಿ ನೇರ ಮಾಡಿಕೊಳ್ಳಿ. ಎರಡು ಭಾಗವಾಗಿ ಅಂಟಿಸಿ, ಮೂಗಿನ ಕೆಳಗಿನ ಗುಳಿ ಹತ್ತಿರ ಕೂದಲೆಳೆಯಷ್ಟು ಜಾಗ ಬಿಡಿ. ಒಂದೇ ಪಟ್ಟಿ ಅಂಟಿಸಿದರೆ ನಕ್ಕಾಗ ಎರಡೂ ತುದಿ ಏಳುತ್ತೆ.

ಕಾಲೇಜು_ರಂಗ:
ಥ್ಯಾಂಕ್ಸ್! ಆದರೆ ನಡುನಡುವೆ ತೆಗೆದು ಹಾಕಬೇಕಾದರೆ?

ಗ್ರೀನ್‌ರೂಮ್:
ಆಗ ಸ್ಪಿರಿಟ್ ಗಮ್ ಬೇಡವೇ ಬೇಡ. ಎರಡು ಮೂರು ಸಲ ಕಿತ್ತರೆ ಚರ್ಮ ಸುಲಿಯುತ್ತೆ. ವಿಗ್‌ಗೆ ಬಳಸೋ ಎರಡೂ ಕಡೆ ಅಂಟಿರೋ ಟೇಪ್ ಸಾಕು. ಮೀಸೆಯ ಎರಡು ತುದಿಗೆ ಒಂದೊಂದು, ನಡುವಿಗೆ ಒಂದು ಸಣ್ಣ ಚೂರು. ಪ್ರತಿ ಪ್ರವೇಶಕ್ಕೂ ಹೊಸ ಟೇಪ್ ಹಾಕಿದ ಬೇರೆ ಬೇರೆ ಮೀಸೆ ಸೈಡ್‌ವಿಂಗ್‌ನಲ್ಲಿ ಸಾಲಾಗಿ ಇಟ್ಟಿರಬೇಕು. ಒಮ್ಮೆ ಕಿತ್ತ ಟೇಪ್ ಎರಡನೇ ಸಲ ಹಿಡಿಯಲ್ಲ. ಪಕ್ಕದಲ್ಲಿ ಕನ್ನಡಿ, ಸಣ್ಣ ಟಾರ್ಚ್, ಟಿಶ್ಯೂ. ಬೆವರು ಒತ್ತಿ ತೆಗೀಬೇಕು, ಉಜ್ಜಬಾರದು. ಅಂಟಿಸೋ ಕೆಲಸಕ್ಕೆ ಒಬ್ಬರನ್ನ ಗೊತ್ತು ಮಾಡಿ, ನಟ ತಾನೇ ಮಾಡ್ಕೊಂಡರೆ ಸೊಟ್ಟ ಆಗುತ್ತೆ. ಇದನ್ನ ಕೊನೆಯ ಐದಾರು ತಾಲೀಮುಗಳಲ್ಲಿ ಗಡಿಯಾರ ಹಿಡಿದು ಮಾಡಿ. ಬದಲಾವಣೆಗೆ ಇಪ್ಪತ್ತು ಸೆಕೆಂಡ್ ಬೇಕಾದರೆ ಸ್ಕ್ರಿ‌ಪ್ಟ್‌ನಲ್ಲಿ ಮೂವತ್ತು ಸೆಕೆಂಡಿನ ಮಾತು ಬೇರೆಯವರ ಬಾಯಲ್ಲಿ ಇರಬೇಕು.

ಸ್ಪಿರಿಟ್ ಗಮ್ ತೆಗೆಯೋಕೆ ಅದರದ್ದೇ ರಿಮೂವರ್ ಸಿಗುತ್ತೆ. ಇಲ್ಲದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಕೆಲವು ನಿಮಿಷ ನೆನೆಯಲು ಬಿಟ್ಟು ಅಂಚಿಂದ ನಿಧಾನ ಬಿಡಿಸಿ.

ಕುಡ್ಲ_ಕ್ಯಾಮೆರಾ:
ಚಿತ್ರದಲ್ಲೂ ಇದೇ ತರ್ಕ ಉಂಟಲ್ಲ. ರಾಮಪ್ರಸಾದನ ಅಸಲಿ ಮೀಸೆ ಬೋಳಿಸಿ ಆದ ಮೇಲೆ, ಆಫೀಸಿನ 'ಒಳ್ಳೆಯ' ಹುಡುಗನ ಮುಖದ ಮೇಲೆ ಇರೋದು ನಕಲಿ ಮೀಸೆ. ಭವಾನಿಶಂಕರ್ ಮೆಚ್ಚೋದು ನಕಲಿಯನ್ನ, ಗುರ್ ಅನ್ನೋದು ಅಸಲಿ ಮುಖಕ್ಕೆ.

ಹಾರ್ಮೋನಿಯಂ_ಮೇಷ್ಟ್ರು:
@ಕಾಲೇಜು_ರಂಗ ಮೀಸೆ ಜೊತೆಗೆ ಯಜಮಾನನ ಪಾತ್ರಕ್ಕೂ ಸಮಯ ಕೊಡಿ. ಆ ಹುಡುಗ ಮೊದಲು ಒಂದು ಹಾಳೆಯಲ್ಲಿ ಪಾತ್ರದ ಐದು ನಂಬಿಕೆಗಳನ್ನ ಬರೆಯಲಿ: ಯಾರು ಒಳ್ಳೆಯವರು, ಯಾರು ಕೆಟ್ಟವರು, ಯಾವುದಕ್ಕೆ ಸಿಟ್ಟು, ಯಾವುದಕ್ಕೆ ಕಣ್ಣೀರು, ಮಗಳಿಗೆ ಏನು ಬೇಕು. ಪ್ರತಿ ಮಾತೂ ಆ ಐದರಲ್ಲಿ ಒಂದಕ್ಕೆ ತಾಗಬೇಕು. ತಾಲೀಮಿನಲ್ಲಿ ಜೊತೆಗಾರರು ನಕ್ಕರೆ ಅವನು ನಗಬಾರದು. ಪ್ರದರ್ಶನದಲ್ಲಿ ಸಭಿಕರು ನಕ್ಕಾಗ ಮುಂದಿನ ಮಾತನ್ನ ನಗು ಏರುವಾಗಲೂ ಹೇಳಬಾರದು, ಪೂರ್ತಿ ಸತ್ತ ಮೇಲೂ ಹೇಳಬಾರದು. ಅರ್ಧಕ್ಕೆ ಇಳಿದಾಗ ಹಿಡೀಬೇಕು. ಆ ಹೊತ್ತಿನಲ್ಲಿ ಸುಮ್ಮನೆ ನಿಂತರೆ ಪಾತ್ರ ಸತ್ತುಹೋಗುತ್ತೆ, ಕೇಳಿದ್ದನ್ನ ಯೋಚಿಸ್ತಾ ಇರಬೇಕು.

ಶುದ್ಧ_ಸಿನಿಮಾ:
ಇದನ್ನ ದತ್ ಕ್ಯಾಮೆರಾ ಮುಂದೆ, ಸಭಿಕರೇ ಇಲ್ಲದೆ ಮಾಡಿದ್ದು. ನಗು ಎಷ್ಟು ಹೊತ್ತು ಇರುತ್ತೆ ಅಂತ ಅಂದಾಜು ಮಾಡಿ ಜಾಗ ಬಿಟ್ಟಿದ್ದಾರೆ. ಅಷ್ಟಕ್ಕೆ ನಮಸ್ಕಾರ. ಓಟ ಉದ್ದವೇ.

ಮಲೆನಾಡ_ಮ್ಯಾಟಿನಿ:
ಇದರ ಮುಂದೆ ಯಾವುದು ನೋಡಬೇಕು ಹೇಳಿ. 'ನರಮ್ ಗರಮ್'ನಲ್ಲೂ ಭವಾನಿಶಂಕರ್ ಅಂತಲೇ ಹೆಸರು, ಪಾಲೇಕರ್ ಮತ್ತೆ ರಾಮಪ್ರಸಾದ್. ಅದು ಮುಂದುವರಿದ ಭಾಗವಾ?

ಎಡಿಟಿಂಗ್_ಟೇಬಲ್:
ಹೆಸರುಗಳು ಮಾತ್ರ ಅವೇ, ಕಥೆ ಬೇರೆ. ನಾನಾದರೆ ಮೊದಲು 'ಕಿಸೀ ಸೇ ನ ಕೆಹನಾ' (1983) ಹೇಳ್ತೀನಿ. ಫಾರೂಕ್ ಶೇಖ್, ದೀಪ್ತಿ ನವಲ್, ಅಪ್ಪನಾಗಿ ದತ್. ಆಧುನಿಕ ಹುಡುಗಿಯರು ಬೇಡ, ಹಳ್ಳಿಯ ಸಂಪ್ರದಾಯಸ್ಥ ಸೊಸೆಯೇ ಬೇಕು ಅನ್ನೋ ಹಟ. ಅಲ್ಲಿ ದನಿ 'ಗೋಲ್‌ಮಾಲ್'ಗಿಂತ ತಗ್ಗಿದೆ, ಮಮತೆ ಹೆಚ್ಚು. ಆಮೇಲೆ 'ರಂಗ್ ಬಿರಂಗಿ'ಯ ಇನ್‌ಸ್ಪೆಕ್ಟರ್ ಧುರಂಧರ್ ಭಟವಡೇಕರ್.

ಟೊರೊಂಟೊ_ತುಂಗಾ:
'ಗುಡ್ಡಿ' (1971) ಸೇರಿಸಿ. ಸಿನಿಮಾ ಹುಚ್ಚಿನ ಹುಡುಗಿಗೆ ದಾರಿ ತೋರಿಸೋ ಮಾವ, ಪ್ರೊಫೆಸರ್ ಗುಪ್ತಾ. ಕೂಗಾಟವೇ ಇಲ್ಲದ ಉತ್ಪಲ್ ದತ್ ನೋಡಬೇಕಾದರೆ ಅದೇ.

ಹುಬ್ಬಳ್ಳಿ_ಬಾಲ್ಕನಿ:
ಮತ್ತ 'ಆಗಂತುಕ್', 1991. ಸತ್ಯಜಿತ್ ರಾಯ್ ಅವರ ಕಡೀ ಚಿತ್ರ. ಅದರಾಗ ಅವರ ಮನಮೋಹನ ಮಿತ್ರನ ಮ್ಯಾಲೆ ಮನಿಯವರಿಗೆಲ್ಲ ಸಂಶಯ, ಇಂವ ಖರೇ ಮಾಮಾ ಹೌದೋ ಅಲ್ಲೋ ಅಂತ. ಇಲ್ಲಿ ಮಂದಿನ್ನ ಪ್ರಶ್ನೆ ಕೇಳಿ ಜಾಲಾಡಿದವ್ರು, ಅಲ್ಲಿ ಕುಂತು ಉತ್ತರ ಕೊಡ್ತಾರ್ರಿ.